ಟವೆಲ್ಲಿನ ಕೆಳಗೆ ಮೂರು ಬೆರಳು

ಆ ಸೋಮವಾರ ನಾಗಮಂಗಲದ ನನ್ನ ಪುಟ್ಟ ಕ್ಲಿನಿಕ್ಕಿನಲ್ಲಿ ಇದ್ದವರು ಐದೇ ಜನ: ಬೆಳ್ಳೂರಿನ ಕಡೆಯಿಂದ ಬಂದಿದ್ದ ಜಯಮ್ಮ, ಅವಳ ಗಂಡ ನಿಂಗರಾಜು, ಅತ್ತೆ ಕೆಂಪಮ್ಮ, ಸೋದರಮಾವ ಚಿಕ್ಕೇಗೌಡರು, ಮತ್ತು ಎಲ್ಲ ತಿಳಿದವನ ಮುಖ ಹೊತ್ತು ಕುಳಿತಿದ್ದ ವೈದ್ಯನಾದ ನಾನು. ಆರನೆಯದಾಗಿ ಗೌಡರ ಹೆಗಲ ಮೇಲೊಂದು ಟವೆಲ್ಲು. ಕೆಂಪಂಚಿನದು, ಒಗೆದೊಗೆದು ಮೆತ್ತಗಾದದ್ದು, ತನ್ನ ದನದ ವಾಸನೆಯನ್ನು ಮಾತ್ರ ಯಾವ ಸೋಪಿಗೂ ಬಿಟ್ಟುಕೊಡದಂಥದ್ದು.

ಗೌಡರು ದನದ ದಲ್ಲಾಳಿ. ತೊಂಬತ್ತರ ದಶಕದಲ್ಲಿ ನಮ್ಮ ಕಡೆಯ ದನದ ಸಂತೆ ನೋಡಿದ್ದರೆ ನಿಮಗೆ ಗೊತ್ತಿರುತ್ತದೆ, ಬೆಲೆಯನ್ನು ಅಲ್ಲಿ ಯಾರೂ ಬಾಯಲ್ಲಿ ಹೇಳುತ್ತಿರಲಿಲ್ಲ. ಇಬ್ಬರ ಕೈಗಳ ಮೇಲೊಂದು ಟವೆಲ್ಲು ಬೀಳುತ್ತಿತ್ತು, ಅದರಡಿ ಬೆರಳು ಬೆರಳನ್ನು ಹಿಡಿಯುತ್ತಿತ್ತು, ಮೇಲೆ ಮುಖಗಳು ಮಾತ್ರ ಮಳೆಯ ವಿಚಾರ ಆಡಿಕೊಂಡಿರುತ್ತಿದ್ದವು. ಸುತ್ತ ಸಂತೆಯೇ ನೆರೆದಿದ್ದರೂ ಮನಸ್ಸಿನ ಮಾತು ಆ ಇಬ್ಬರದೇ.

ಜಯಮ್ಮನಿಗೆ ಲೂಪಸ್. ಕೆನ್ನೆಗಳ ಮೇಲೆ ಚಿಟ್ಟೆಯೊಂದು ರೆಕ್ಕೆ ಬಿಚ್ಚಿ ಕೂತಂಥ ಕೆಂಪು, ಕೀಲುಕೀಲಿನಲ್ಲಿ ನೋವು. ಈಗ ಮೂತ್ರಪಿಂಡಕ್ಕೂ ತಗುಲಿತ್ತು. ಕಾವಲಿಗೆಂದು ಸಾಕಿದ ನಾಯಿ ಮನೆಯವರನ್ನೇ ಕಚ್ಚತೊಡಗಿದಂತೆ, ದೇಹವನ್ನು ಕಾಯಬೇಕಾದ ಶಕ್ತಿಯೇ ದೇಹದ ಮೇಲೆ ತಿರುಗಿ ಬೀಳುವ ಕಾಯಿಲೆ ಅದು. ಮೈಸೂರಿನ ದೊಡ್ಡ ಡಾಕ್ಟರು ಎರಡು ದಾರಿ ಬರೆದು ಕಳಿಸಿದ್ದರು. ತಿಂಗಳಿಗೊಮ್ಮೆ ಡ್ರಿಪ್ಪಿನಲ್ಲಿ ಕೊಡುವ ಬಿರುಸಿನ ಔಷಧಿ ಒಂದು. ಮೂತ್ರಪಿಂಡ ಉಳಿಯುವ ಭರವಸೆ ಹೆಚ್ಚು, ಆದರೆ ಮುಂದೆ ಮಕ್ಕಳಾಗದೆ ಹೋಗಬಹುದೆಂಬ ಅಂಜಿಕೆ. ದಿನವೂ ನುಂಗುವ ಮಾತ್ರೆ ಇನ್ನೊಂದು. ಆ ಅಂಜಿಕೆ ಕಡಿಮೆ, ಭರವಸೆಯೂ ಕಡಿಮೆ. ರೋಗಿಗೆ ತಿಳಿಸಿ ಅವರ ತೀರ್ಮಾನ ಕೇಳಿ ಎಂದು ಕೊನೆಗೊಂದು ಸಾಲು.

ನಾನು ತಿಳಿಸಿದೆ, ಬಲು ಸೊಗಸಾಗಿಯೇ ತಿಳಿಸಿದೆ. ಗಂಡನ ಮುಖ ನೋಡುತ್ತಾ ಮೂತ್ರಪಿಂಡವನ್ನೂ, ಅತ್ತೆಯ ಮುಖ ನೋಡುತ್ತಾ ಗರ್ಭಕೋಶವನ್ನೂ, ಗೌಡರ ಮುಖ ನೋಡುತ್ತಾ ಡ್ರಿಪ್ಪನ್ನೂ ವಿವರಿಸಿದೆ. ಇದೆಲ್ಲ ಯಾರ ಮೈಯೊಳಗೆ ನಡೆಯಬೇಕಿತ್ತೋ ಅವಳು ಗೋಡೆಯ ಕ್ಯಾಲೆಂಡರು ನೋಡುತ್ತಿದ್ದಳು.

"ಮಾತ್ರೆನೇ ಕೊಡು ಡಾಕ್ಟ್ರಪ್ಪ," ಎಂದಳು ಕೆಂಪಮ್ಮ. "ಮದ್ವೆಯಾಗಿ ಮೂರೊರ್ಸಾಯ್ತು, ತೊಟ್ಲು ಕಟ್ಟೋದ್ ಬ್ಯಾಡ್ವಾ?"

"ಸೂಜಿನೇ ಆಕ್ಬುಡಿ ಸಾರ್, ಬ್ಯಾಗ ಮುಗೀಲಿ," ಎಂದ ನಿಂಗರಾಜು.

"ಬ್ಯಾಗ ಮುಗಿಯಾಕೆ ಇದೇನ್ ಕಬ್ಬು ಕಡ್ಯೋದೇನ್ಲಾ?" ಎಂದು ತಾಯಿ ಗದರಿದಳು.

ನೀನೇನು ಹೇಳ್ತೀಯಮ್ಮ ಎಂದು ಕೊನೆಗೂ ಜಯಮ್ಮನನ್ನು ಕೇಳಿದೆ.

"ನೀವೇಳ್ದಂಗೆ ಸಾರ್."

ಈ "ನೀವೇಳ್ದಂಗೆ"ಯನ್ನು ನಾನು ಬಹುಕಾಲ ನಂಬಿಕೆಯೆಂದು ತಿಳಿದು ಒಳಗೊಳಗೇ ಉಬ್ಬಿದವನು. ಆದರೆ ಯೋಚಿಸಿ ನೋಡಿ ಸ್ವಾಮಿ, ಇದೇ ಜನ ಒಂದು ಹಸು ಕೊಳ್ಳುವಾಗ ಬಾಯಿ ತೆರೆಸಿ ಹಲ್ಲೆಣಿಸುತ್ತಾರೆ, ಸುಳಿ ಹುಡುಕುತ್ತಾರೆ, ತಾವೇ ಕೂತು ಕರೆದು ನೋಡುತ್ತಾರೆ, ಒದೆಯುವ ಗುಣವುಂಟೇ ಎಂದು ಪಕ್ಕದ ಮನೆಯವರನ್ನು ಗುಟ್ಟಾಗಿ ವಿಚಾರಿಸುತ್ತಾರೆ. ಕೊಟ್ಟಿಗೆಗೆ ಬರುವುದಕ್ಕೆ ಇಷ್ಟು ಪ್ರಶ್ನೆ, ಹೊಟ್ಟೆಗೆ ಹೋಗುವುದಕ್ಕೆ ಒಂದೂ ಇಲ್ಲ! ಮಾತ್ರೆಗೂ ಒಂದು ಬಾಲವಿದ್ದಿದ್ದರೆ ಎತ್ತಿ ನೋಡುತ್ತಿದ್ದರೋ ಏನೋ.

ಅಷ್ಟರಲ್ಲಿ ಚಿಕ್ಕೇಗೌಡರು ಗಂಟಲು ಸರಿಮಾಡಿಕೊಂಡರು. "ಅಲ್ಲಾ ಸಾಮಿ, ಇಷ್ಟ್ ಜನದ್ ಮುಂದೆ ಯಾವನಾದ್ರೂ ಬಾಯ್ಬುಟ್ಟು ಬೆಲೆ ಏಳ್ತಾನಾ? ಬಾ ಮಗ, ಕೈ ಕೊಡು." ಸೋದರಸೊಸೆಯ ಕೈ ಹಿಡಿದು ಮೇಲೆ ಟವೆಲ್ಲು ಹಾಸಿದರು. "ಸೂಜಿಗೆ ಒಂದ್ ಬೆರಳು, ಮಾತ್ರೆಗೆ ಎಲ್ಡು. ಇಡ್ಕೊ."

ಕೆಂಪಮ್ಮ ಬಗ್ಗಿದಳು.

"ಇಣುಕ್ಬ್ಯಾಡ ಕೆಂಪಕ್ಕ, ಯಾಪಾರದ್ ಟವೆಲ್ಲು."

"ನಮ್ಮನೆ ಸೊಸೆ ಕಣಣ್ಣ!"

"ನಮ್ಮನೆ ಮಗ್ಳೂ ಔದು ಕಣಕ್ಕ."

ಎಷ್ಟೋ ಸಂತೆಗಳಲ್ಲಿ ಗುಟ್ಟು ಬಿಟ್ಟುಕೊಡದ ಗೌಡರ ಮುಖದಲ್ಲಿ ಅಂದು ಮೊದಲ ಬಾರಿಗೆ ಗಲಿಬಿಲಿ ಕಂಡೆ. ವೃತ್ತಿಧರ್ಮ ಮುರಿದು ಬಾಯಿಬಿಟ್ಟೇಬಿಟ್ಟರು: "ಸಾಮಿ, ಇವ್ಳು ಮೂರು ಇಡ್ದವ್ಳೆ!"

ಮೂರನೆಯ ದಾರಿಯನ್ನು ನಾನು ಹೇಳಿಯೇ ಇರಲಿಲ್ಲ. ಜಯಮ್ಮ ಟವೆಲ್ಲಿನಡಿಯಿಂದ ಕೈ ತೆಗೆಯದೆಯೇ ತಲೆಯೆತ್ತಿದಳು. "ಇವ್ರೆಲ್ಲ ಒಸಿ ಆಚ್ಗೋಗ್ಲಿ ಸಾರ್. ನಂಗೊಬ್ಳಿಗೇ ಇನ್ನೊಂದ್ ಸಲ ಏಳಿ."

ಎಲ್ಲರೂ ಹೊರಗೆ ಹೋದರು. ಕೆಂಪಮ್ಮನ ಕೆಮ್ಮು ಮಾತ್ರ ಬಾಗಿಲಲ್ಲೇ ಉಳಿಯಿತು. ಆಮೇಲೆ ನೋಡಿ, ದಲ್ಲಾಳಿಯ ಸೋದರಸೊಸೆ ನನ್ನ ಔಷಧಿಗಳ ಹಲ್ಲೆಣಿಸಲು ಕೂತಳು. "ಮಕ್ಳು ಆಗೋದೇ ಇಲ್ವಾ, ಇಲ್ಲಾ ಆಗ್ದೆ ಇರ್ಬೌದಾ?" ಆಗದೆ ಇರಬಹುದು, ಖಚಿತವಲ್ಲ ಎಂದೆ. "ಮೊದ್ಲು ಮಾತ್ರೆ ತಕ್ಕಂಡು, ವಾಸಿ ಆಗ್ನಿಲ್ಲ ಅಂದ್ರೆ ಸೂಜಿಗೆ ಬರಬೌದಾ? ಅಲ್ಲೀಗಂಟ ಕಿಡ್ನಿ ತಡೀತದಾ?" ಗೊತ್ತಿಲ್ಲಮ್ಮ ಎಂದೆ. ಅಂದು ನಾನಾಡಿದ ಮಾತುಗಳಲ್ಲಿ ಅವಳು ಪೂರ್ತಿ ನಂಬಿದ್ದು ಅದೊಂದನ್ನೇ ಎಂದು ಕಾಣುತ್ತದೆ; ಮೊದಲ ಸಲ ನಕ್ಕಳು.

ಮೈಸೂರಿಗೆ ಕಾಗದ ಬರೆದೆ. ಇವಳ ಮೂತ್ರಪಿಂಡ ಅಷ್ಟು ದಿನ ತಡೆಯುವ ಸ್ಥಿತಿಯಲ್ಲಿಲ್ಲ, ವಯಸ್ಸು ಚಿಕ್ಕದಾದ್ದರಿಂದ ಮಕ್ಕಳ ವಿಷಯದ ಅಪಾಯ ತುಸು ಕಡಿಮೆ, ಆದರೆ ಇಲ್ಲವೆನ್ನಲಾಗದು ಎಂದು ಉತ್ತರ ಬಂತು. ಮುಂದಿನ ಸೋಮವಾರ ಅದನ್ನು ಅವಳಿಗೇ ಓದಿ ಹೇಳಿದೆ, ಅವಳ ಮುಖ ನೋಡುತ್ತಾ. ಕೇಳಿಸಿಕೊಂಡು ತಾನೇ ಬಾಗಿಲು ತೆರೆದಳು. "ಅತ್ತೆ, ಸೂಜಿ ಆಕಿಸ್ಕತೀನಿ. ಮೊದ್ಲು ನಾನಿರ್ತೀನಿ. ಮಿಕ್ಕಿದ್ದು ಆಮೇಲೆ."

ಕೆಂಪಮ್ಮ ಬಹಳ ಹೊತ್ತು ಸೆರಗಿನ ತುದಿಯನ್ನು ಸುತ್ತಿದಳು, ಬಿಚ್ಚಿದಳು. "ಆಯ್ತು, ನಡಿ ಮತ್ತೆ," ಎಂದಳು, "ಬಸ್ಸು ಒಂಟೋಯ್ತದೆ."

ಗೌಡರು ಹೊರಡುವಾಗ ಟವೆಲ್ಲನ್ನು ಮೊಳೆಗೆ ನೇತುಹಾಕಿದರು. "ಇಲ್ಲೇ ಇರ್ಲಿ ಸಾಮಿ, ನಿಮ್ಗೇ ಬೇಕಾಯ್ತದೆ." ಸ್ಟೆತಾಸ್ಕೋಪಿನ ಪಕ್ಕದಲ್ಲೇ ಅದಕ್ಕೂ ಜಾಗವಾಯಿತು. ಎದೆಯ ಬಡಿತ ಕೇಳಲು ಒಂದು ಸಲಕರಣೆ ಇದ್ದರೆ, ಎದೆಯ ಮಾತು ಕೇಳಲೂ ಒಂದು ಇರಬೇಡವೇ?

ಎರಡು ವರ್ಷದ ಮೇಲೆ ಪಾಂಡವಪುರದ ಕಡೆಯ ಹುಡುಗಿಯೊಬ್ಬಳು ಬಂದಳು, ಕೆನ್ನೆಯ ಮೇಲೆ ಅದೇ ಚಿಟ್ಟೆ, ಹಿಂದೆ ಅಪ್ಪ ಮತ್ತು ಇಬ್ಬರು ಚಿಕ್ಕಪ್ಪಂದಿರು. ತಪಾಸಣೆಗೆಂದು ಬಂದಿದ್ದ ಜಯಮ್ಮ ಬೆಂಚಿನ ಮೇಲಿದ್ದಳು. ಅವಳ ಮೂತ್ರಪಿಂಡ ಸುಧಾರಿಸಿತ್ತು, ತೊಟ್ಟಿಲು ಇನ್ನೂ ಕಟ್ಟಿರಲಿಲ್ಲ. ನಾನು ಎರಡೂ ದಾರಿ ಹೇಳಿ ಕೇಳಿದ್ದಕ್ಕೆ ಹುಡುಗಿಯೂ "ನೀವೇಳ್ದಂಗೆ" ಎಂದಳು. ಜಯಮ್ಮ ಎದ್ದು ಮೊಳೆಯಿಂದ ಟವೆಲ್ಲು ತೆಗೆದು, ಅವಳ ಪಕ್ಕ ಕೂತು, ಇಬ್ಬರ ಕೈಗಳ ಮೇಲೂ ಹಾಸಿಕೊಂಡಳು. "ಒಸಿ ಆಚ್ಗಿರ್ರಣ್ಣ," ಎಂದಳು ಗಂಡಸರಿಗೆ. ಆಮೇಲೆ ನನ್ನ ಕಡೆಗೂ ನೋಡಿದಳು.

ನಾನೂ ಎದ್ದು ಆಚೆ ಹೋದೆ.