ತಂಗಿಯ ಪರದೆಯ ಬೂದು ಅಂಚು

ಫೋಟೊ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಒಂದು ಉದ್ದನೆಯ ಹಲಗೆ, ಅದರ ಮೇಲೆ ಎರಡು ಕಂಪ್ಯೂಟರು, ಅವುಗಳ ಮುಂದೆ ಅಕ್ಕ ತಂಗಿ. ಅಕ್ಕ ಇಲ್ಲಿ ಜನರ ಮೊಡವೆ ಅಳಿಸುತ್ತ, ಹರಿದ ಹಳೆಯ ಫೋಟೊಗಳಿಗೆ ಕಿವಿ ಮೂಗು ಜೋಡಿಸುತ್ತ ಕೂದಲು ನರೆಸಿಕೊಂಡವಳು. ತಂಗಿ ನಿನ್ನೆ ಮೊನ್ನೆ ಸೇರಿದವಳು. ಮಾಲೀಕರಿಗೆ ಹೇಳಿ ಸೇರಿಸಿದ್ದೂ ಅಕ್ಕನೇ. ತಾನೇ ಕೈಹಿಡಿದು ಕರೆತಂದ ಮೇಲೆ ಇನ್ನು ಬೈಯುವುದಾದರೂ ಯಾರನ್ನು?

ಹೊಟ್ಟೆಕಿಚ್ಚು ಹತ್ತಿದ್ದು ಪರದೆಯ ಬಣ್ಣದಿಂದ. ಮಾಲೀಕರು ಕೈ ಬಿಗಿಯ ಮನುಷ್ಯ, ಎರಡೂ ಯಂತ್ರಗಳಿಗೆ ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿಸಿದ್ದರು. ತಂಗಿ ಬಂದ ವಾರವೇ ತನ್ನದನ್ನೆಲ್ಲ ಕಪ್ಪು ಮಾಡಿಕೊಂಡಳು. ಫೈಲುಗಳ ಕಿಟಕಿ, ಬ್ರೌಸರು, ಪ್ರಿಂಟರು, ಯಾವುದನ್ನು ತೆರೆದರೂ ಒಂದೇ ಮಸಿಬಣ್ಣ, ಒಂದೇ ತೆಳು ಅಕ್ಷರ. ಅಕ್ಕನ ಪರದೆ ಮಾತ್ರ ತೇಪೆ ಹಾಕಿದ ಹೊದಿಕೆ. ಒಂದು ಕಿಟಕಿ ಕಪ್ಪಗಿದ್ದರೆ ಮುಂದಿನದು ಬೆಳ್ಳಗೆ ತೆರೆದುಕೊಂಡು ಕಣ್ಣಿಗೆ ಹೊಡೆಯುತ್ತಿತ್ತು. ಸಂಜೆಯ ಹೊತ್ತಿಗೆ ಕಣ್ಣಲ್ಲಿ ನೀರು. ಮಾಲೀಕರು ಬಂದು ತಂಗಿಯ ಬೆನ್ನ ಹಿಂದೆ ನಿಂತು, "ನೋಡಮ್ಮಾ, ಅಚ್ಚುಕಟ್ಟು ಅಂದ್ರೆ ಇದು" ಎಂದು ಅಕ್ಕನಿಗೆ ತೋರಿಸಿದಾಗ ಅವಳು ಮೌಸನ್ನು ಹಲಗೆಗೆ ಕುಟ್ಟಿದಳು.

ಅಕ್ಕನಿಗಿದ್ದ ಸಮಾಧಾನ ಒಂದೇ. ಫೋಟೊ ತಿದ್ದುವ ಪ್ರೋಗ್ರಾಮಿನಲ್ಲಿ ಚಿತ್ರದ ಸುತ್ತಲ ಜಾಗ ತಂಗಿಯ ಪರದೆಯಲ್ಲೂ ತಿಳಿ ಬೂದಾಗಿಯೇ ಉಳಿದಿತ್ತು. ಅದೊಂದು ಮಾತ್ರ ಅವಳಿಗೂ ಬಗ್ಗಿಲ್ಲ ಎಂದು ಅಕ್ಕ ದಿನಕ್ಕೊಮ್ಮೆ ಅತ್ತ ಕಣ್ಣು ಹಾಯಿಸಿ ಮನಸ್ಸು ತಂಪು ಮಾಡಿಕೊಳ್ಳುತ್ತಿದ್ದಳು.

ಮನೆಯಲ್ಲೂ ಇದೇ ಹಾಡು. ಅಕ್ಕ ಅಡುಗೆ ಮಾಡಿದರೆ ಅಮ್ಮ "ಪರವಾಗಿಲ್ಲ" ಎನ್ನುತ್ತಿದ್ದರು, ಅದನ್ನೇ ತಂಗಿ ಬಡಿಸಿದರೆ "ಎಷ್ಟು ರುಚಿಯಾಗಿದೆಯೇ!" ಅಂಥ ಅಮ್ಮ ಒಂದು ದಿನ ಪೆಟ್ಟಿಗೆಯ ತಳದಿಂದ ತಮ್ಮ ಮದುವೆಗೆ ಮುಂಚಿನ ಫೋಟೊ ತೆಗೆದರು. ಕುರ್ಚಿಗೆ ಕೈಯೂರಿ ನಿಂತ ಹುಡುಗಿ, ಕೆನ್ನೆಯ ಮೇಲೆ ಅಡ್ಡಕ್ಕೊಂದು ಬಿರುಕು.

"ಇದನ್ನ ದೊಡ್ಡದು ಮಾಡಿ ಹಜಾರದಲ್ಲಿ ಹಾಕ್ಬೇಕು. ಚಿಕ್ಕವಳೇ ಮಾಡ್ಲಿ, ಅವಳ ಕೈ ನಾಜೂಕು."

"ನನ್ನ ಕೈಗೇನು ಹುಳ ಬಿದ್ದಿದೆಯಾ? ನಾನೇ ಮಾಡ್ತೀನಿ" ಎಂದು ಅಕ್ಕ ಫೋಟೊ ಕಿತ್ತುಕೊಂಡಳು. ಈ ಒಂದು ಫೋಟೊದಿಂದಾದರೂ ಅಮ್ಮನ ಬಾಯಲ್ಲಿ "ಭೇಷ್" ಅನ್ನಿಸಲೇಬೇಕಿತ್ತು.

ರಜೆಯ ದಿನ ಸ್ಟುಡಿಯೋದ ಬೀಗ ತೆಗೆದು ಒಬ್ಬಳೇ ಕೂತಳು. ಮೊದಲು ಪರದೆ, ಆಮೇಲೆ ಅಮ್ಮ. ತಂಗಿಯನ್ನು ಒಂದು ಮಾತು ಕೇಳಿದ್ದರೆ ಗಳಿಗೆಯ ಕೆಲಸ. ಕೇಳುವುದೇ? ಅದಕ್ಕಿಂತ ಬಾವಿ ಹಾರುವುದು ಮೇಲು. ಕಿಟಕಿಗಳ ಬಣ್ಣ ಹೇಳುವ ಥೀಮ್ ಬದಲಿಸಿದೊಡನೆ ಅರ್ಧ ಪ್ರೋಗ್ರಾಮುಗಳು ಒಳ್ಳೆಯ ಸೊಸೆಯರಂತೆ ಕಪ್ಪಾದವು. ಇನ್ನು ಕೆಲವು ಬೇರೆ ಮನೆತನದವು, ಅವುಗಳಿಗೆ ಪ್ರತ್ಯೇಕ ಸೆಟ್ಟಿಂಗ್ ಬರೆದುಕೊಡಬೇಕಾಯಿತು. ಒಂದಂತೂ ತನ್ನದೇ ಡಬ್ಬಿಯೊಳಗೆ ಬಾಗಿಲು ಹಾಕಿಕೊಂಡು ಕೂತಿತ್ತು. ಥೀಮಿನ ಫೋಲ್ಡರ್ ನೋಡಲು ಅದಕ್ಕೆ ಅನುಮತಿ ಕೊಟ್ಟ ಮೇಲೆ ಬಣ್ಣ ಬದಲಿಸಿತು. ಪ್ರಿಂಟರಿನ ಕಿಟಕಿಯದು ಊರಿಗೇ ಒಂದು ದಾರಿಯಾದರೆ ಪೋರನಿಗೇ ಒಂದು ದಾರಿ. ಅದನ್ನೂ ಕಿವಿ ಹಿಂಡಿ ದಾರಿಗೆ ತಂದಳು. ಕೊನೆಗೆ ಚಿತ್ರದ ಸುತ್ತಲ ಬೂದನ್ನೂ ಹುಡುಕಿ ಕಪ್ಪಾಗಿಸಿದಾಗ ಖಾಲಿ ಕೋಣೆಯಲ್ಲಿ ಗಟ್ಟಿಯಾಗಿ ನಕ್ಕಳು. ಅದೇ ಉತ್ಸಾಹದಲ್ಲಿ ಅಮ್ಮನ ಕೆನ್ನೆಯ ಬಿರುಕು ಮುಚ್ಚಿ, ನೆರಳು ಬೆಳಕು ತಿದ್ದಿದಳು. ಕಪ್ಪಿನ ನಡುವೆ ಅಮ್ಮ ಫಳಫಳ ಹೊಳೆಯುತ್ತಿದ್ದರು.

ಮಾರನೆಯ ದಿನ ತಂಗಿ ಇಣುಕಿ, "ಅಕ್ಕಾ, ಚಿತ್ರದ ಸುತ್ತ ಮಾತ್ರ ಕಪ್ಪು ಬೇಡ ಕಣೆ, ಅದು..." ಎಂದಳು.

"ನಿನಗೆ ಆಗ್ಲಿಲ್ಲ ಅಂತ ನನಗೂ ಆಗಬಾರದಾ? ನಿನ್ನ ಕೆಲಸ ನೋಡ್ಕೋ."

ತಂಗಿ ತನ್ನ ಪರದೆಗೆ ತಿರುಗಿದಳು. ದೊಡ್ಡ ಪ್ರಿಂಟು ಮನೆಗೆ ಬಂತು. ಅಮ್ಮ ಕನ್ನಡಕ ಒರೆಸಿಕೊಂಡು ನೋಡಿದರು, ಬಾಗಿಲ ಬೆಳಕಿಗೆ ಹಿಡಿದು ನೋಡಿದರು.

"ಇದ್ಯಾರೇ? ಮೂರು ದಿನದಿಂದ ಜ್ವರ ಬಂದವಳ ಹಾಗಿದ್ದಾಳೆ. ನಾನು ಇಷ್ಟು ಮಂಕಾಗಿದ್ನಾ?"

ಅಕ್ಕನ ಮುಖ ಪ್ರಿಂಟಿಗಿಂತ ಕಪ್ಪಾಯಿತು. ಮರುದಿನ ತಂಗಿ ಊಟಕ್ಕೆ ಎದ್ದಾಗ ಅವಳ ಕುರ್ಚಿಗೆ ಕಳ್ಳಹೆಜ್ಜೆಯಲ್ಲಿ ಹೋಗಿ, ಅದೇ ಫೋಟೊವನ್ನು ಆ ಯಂತ್ರದಲ್ಲಿ ತೆರೆದಳು. ತಿಳಿ ಬೂದಿನ ನಡುವೆ ಅಮ್ಮನ ಮುಖ ಪ್ರಿಂಟಿನಲ್ಲಿದ್ದಷ್ಟೇ ಮಂಕು. ತನ್ನ ಪರದೆಯತ್ತ ತಿರುಗಿದರೆ, ಅಲ್ಲಿ ಕಪ್ಪಿನ ನಡುವೆ ಅದೇ ಮುಖ ಫಳಫಳ. ಸುತ್ತ ಕತ್ತಲಿದ್ದರೆ ಕಣ್ಣಿಗೆ ಚಿತ್ರ ಇರುವುದಕ್ಕಿಂತ ಬೆಳ್ಳಗೆ ಕಾಣುತ್ತದೆ; ಇಷ್ಟು ಬೆಳಕು ಸಾಕೆಂದು ಕೈ ನಿಂತುಬಿಡುತ್ತದೆ; ಬಿಳಿ ಕಾಗದಕ್ಕೆ ಬಂದಾಗ ಗುಟ್ಟು ರಟ್ಟಾಗುತ್ತದೆ. ತಂಗಿ ಆ ಅಂಚನ್ನು ಬೇಕೆಂದೇ ಬೂದಾಗಿ ಬಿಟ್ಟಿದ್ದಳು. ಇಷ್ಟು ದಿನ ಅಕ್ಕ ಮನಸ್ಸು ತಂಪು ಮಾಡಿಕೊಂಡದ್ದು ತಂಗಿಯ ಜಾಣತನವನ್ನು ನೋಡಿ. ಈಗ ಹತ್ತಿದ ಹೊಟ್ಟೆಕಿಚ್ಚಿನ ಮುಂದೆ ಮೊದಲಿನದು ಏನೂ ಅಲ್ಲ.

ಅವಳು ತನ್ನ ಜಾಗಕ್ಕೆ ಮರಳಿ ಅಂಚಿಗೆ ಬೂದು ತಂದಳು, ಅಮ್ಮನ ಮುಖವನ್ನು ಮತ್ತೆ ಮೊದಲಿನಿಂದ ತಿದ್ದಿದಳು. ತಂಗಿ ಊಟ ಮುಗಿಸಿ ಬಂದು ನೋಡಿದಳು, ತಲೆಯಾಡಿಸಿ ತನ್ನ ಕೆಲಸಕ್ಕೆ ಕೂತಳು. ಅದೂ ಅಕ್ಕನಿಗೆ ಸಿಟ್ಟು ಬರಿಸಿತು.

ಎರಡನೆಯ ಪ್ರಿಂಟು ಕಂಡು ಅಮ್ಮನ ಮುಖ ಅರಳಿತು. "ಹಾಂ, ಇವಳು ನಾನು! ಚಿಕ್ಕವಳು ಸರಿ ಮಾಡಿದ್ಲು ಅಲ್ವಾ?"

"ಇಲ್ಲಮ್ಮ, ನಾನು ಮುಟ್ಟೂ ಇಲ್ಲ. ಪೂರ್ತಿ ಅಕ್ಕಂದೇ ಕೆಲಸ" ಎಂದಳು ತಂಗಿ.

ಅಕ್ಕ ಅಮ್ಮನ ಬಾಯನ್ನೇ ನೋಡುತ್ತ ನಿಂತಳು. ಈಗ ಬರುತ್ತದೆ, ಈಗ ಬಂದೇ ಬಿಟ್ಟಿತು ಆ "ಭೇಷ್".

ಅಮ್ಮ ತಂಗಿಯ ತಲೆ ಸವರಿದರು. "ಎಂಥ ದೊಡ್ಡ ಮನಸ್ಸು ನೋಡು ನನ್ನ ಚಿಕ್ಕವಳದು. ಹೆಸರನ್ನೂ ಅಕ್ಕನಿಗೇ ಬಿಟ್ಟುಕೊಡ್ತಾಳೆ."

ಕೂಗಾಡಬೇಕೆಂದು ಅಕ್ಕ ಬಾಯಿ ತೆರೆದಳು. ಆದರೆ ತಂಗಿಯ ಪರದೆಯಿಂದ ಕದ್ದ ಬೂದು ಅಂಚು ನೆನಪಾಯಿತು. ಹಜಾರದ ಗೋಡೆಗೆ ಮೊಳೆ ಹೊಡೆಯಲು ಸುತ್ತಿಗೆ ಹುಡುಕುತ್ತ ಒಳಗೆ ಹೋದಳು.