ಪೂರ್ವಕ್ಕೆ ಮುಖ ಮಾಡಿದ ರೂಟರ್

ಗಂಗಾವತಿಯ ನಮ್ಮ ಕಚೇರಿಯಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವ ಸಾಹೇಬರೊಬ್ಬರಿದ್ದರು. ಏನು ಕೇಳಿದರೂ ನಕ್ಷೆಯ ಸುರುಳಿಯನ್ನು ತೊಡೆಗೆ ಬಡಿದು, “ಎಲ್ಲಾ ಪ್ಲ್ಯಾನ್‌ದಾಗ ಐತಿ” ಎನ್ನುತ್ತಿದ್ದರು.

ಕುಷ್ಟಗಿ, ಯಲಬುರ್ಗಾ ಶಾಖೆಗಳು ಕೆಲಸ ನಿಲ್ಲಿಸಿಕೊಂಡು ಕಾಯುತ್ತಿದ್ದ ಹೊಸ ರೂಟರ್ ಬಂತು. ಸಾಹೇಬರು ವಾಸ್ತು ನೋಡಿ, ಅದರ ದೊಡ್ಡ ಪೆಟ್ಟಿಗೆಯನ್ನು ಪೂರ್ವಕ್ಕೆ ಮುಖ ಮಾಡಿಸಿ ನೆಲಕ್ಕೆ ಬೋಲ್ಟ್ ಹಾಕಿಸಿದರು. ಪೂರ್ವದಲ್ಲಿ ಗೇಣು ದೂರಕ್ಕೇ ಗೋಡೆ. ಪೆಟ್ಟಿಗೆಯೊಳಗೆ ಕೂರುವ ಬಿಡಿಭಾಗಗಳಾದ ಮಾಡ್ಯೂಲುಗಳನ್ನೋ, ಮೇಜಿನ ಖಾನೆಯಂತೆ ಮುಂದಿನಿಂದಲೇ ತಳ್ಳಬೇಕು.

“ಇವನ್ನ ಹೆಂಗ ಹಾಕೂದ್ರಿ ಸರ್?” ಎಂದೆ.

ಸುರುಳಿ ತೊಡೆಗೆ ಬಡಿಯಿತು. “ದಿಕ್ಕು ಬದಲಾಗಂಗಿಲ್ಲ. ಗ್ವಾಡಿ ಒಡೀರಿ. ಎಲ್ಲಾ ಪ್ಲ್ಯಾನ್‌ದಾಗ ಐತಿ.”

ಒಡೆದೆವು. ಆಚೆ ಇದ್ದದ್ದು ಪಾಯಖಾನೆ.

ಸಾಹೇಬರು ಬಡ್ತಿ ಪಡೆದು ಕೊಪ್ಪಳಕ್ಕೆ ಹೋದರು. ನಾವು ಇಂದಿಗೂ ಮಾಡ್ಯೂಲ್ ಬದಲಿಸುವ ಮೊದಲು ಪಾಯಖಾನೆಯ ಬಾಗಿಲು ತಟ್ಟಿ, “ಒಳಗ ಯಾರರೆ ಅದೀರೇನ್ರಿ?” ಎಂದು ಕೇಳುತ್ತೇವೆ.