ಆಪಾ ತೆಗೆದ ಅಳತೆ

ಅವರ ಬಲಗೈ ಹೆಬ್ಬೆರಳಿನ ಬುಡದಲ್ಲಿ ಕತ್ತರಿಯ ಹಿಡಿಕೆ ಒತ್ತಿ ಒತ್ತಿ ಕಪ್ಪು ಗಂಟೊಂದು ಎದ್ದಿತ್ತು. ಭದ್ರಾವತಿಯ ನಮ್ಮ ಬೀದಿಯ ಹೆಂಗಸರಿಗೆಲ್ಲ, ಯಾವ ಜಾತಿಯವರೇ ಇರಲಿ, ಅವರು ಆಪಾ, ಅಂದರೆ ಅಕ್ಕ. ರವಿಕೆ ಹೊಲಿಯುವುದರಲ್ಲಿ ಎತ್ತಿದ ಕೈ, ಬೈಯುವುದರಲ್ಲೂ ಅಷ್ಟೇ. "ನಾಳೆ ಮದುವೆ ಅಂತ ಇವತ್ತು ಬಟ್ಟೆ ತಂದಿದೀಯಲ್ಲ, ಗಂಡು ನಿನ್ನೆ ಸಿಕ್ಕಿದ್ನಾ?" ಎಂದು ಗದರಿಸಿ, ಸಂಜೆಯೊಳಗೆ ಹೊಲಿದು ಕೊಡುತ್ತಿದ್ದರು.

ಅವರ ಕಿಡ್ನಿ ಕೆಟ್ಟಾಗ ಲಾರಿ ಓಡಿಸುವ ತಮ್ಮ ತನ್ನದೊಂದನ್ನು ಕೊಟ್ಟ. ದೇಹ ಅದನ್ನು ತಿರಸ್ಕರಿಸದಂತೆ ದಿನವೂ ಮಾತ್ರೆ ನುಂಗಬೇಕಿತ್ತು. ಕೊರೊನಾ ಬಂದಾಗ ಸಿಕ್ಕ ಲಸಿಕೆಯನ್ನೆಲ್ಲ ಹಾಕಿಸಿಕೊಂಡರು. ಆದರೆ ಶಿವಮೊಗ್ಗದ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಲಸಿಕೆ ಇವರ ಮೈಗೆ ಹತ್ತಿಲ್ಲ ಎಂದರು. ಅಂದಿನಿಂದ ಆಪಾ ಯಾರ ಮೈಗೂ ಟೇಪು ಹಿಡಿಯಲಿಲ್ಲ. ಕಿಟಕಿಯಿಂದಲೇ ಹಳೆಯ ರವಿಕೆ ಇಸಿದುಕೊಂಡು ಅದರ ಅಳತೆಗೆ ಹೊಲಿಯುತ್ತಿದ್ದರು.

ಊರೆಲ್ಲ ಮಾಸ್ಕು ಬಿಟ್ಟ ಮೇಲೂ ಅವರು ಬಿಡಲಿಲ್ಲ. "ಇಷ್ಟು ಇಂಜೆಕ್ಷನ್ ಚುಚ್ಚಿಸ್ಕೊಂಡು ಇನ್ನೂ ಹೆದರ್ತೀರಲ್ಲ ಆಪಾ" ಎಂದು ನಾನೊಮ್ಮೆ ಛೇಡಿಸಿದೆ.

"ಆ ಮಾತ್ರೆ ನನ್ನ ಮೈನ ಮಲಗಿಸಿಬಿಟ್ಟಿದೆ ಮಾರಾಯ್ತಿ. ಇಂಜೆಕ್ಷನ್ ಬಂದು ಎಬ್ಬಿಸಿದ್ರೂ ಏಳಲ್ಲ. ಮಾತ್ರೆ ಬಿಟ್ರೆ ತಮ್ಮನ ಕಿಡ್ನಿ ಹೋಗತ್ತೆ. ನೀವೆಲ್ಲ ಹಾಕಿಸ್ಕೊಂಡು, ಜ್ವರ ಬಂದಾಗ ಮನೇಲಿದ್ರೆ ನಾನು ಉಳೀತೀನಿ."

ಆಮೇಲೆ ನನ್ನ ಅಮ್ಮನಿಗೆ ಕ್ಯಾನ್ಸರ್ ಆಗಿ ಒಂದು ಸ್ತನ ತೆಗೆದರು. ಹಳೆಯ ರವಿಕೆ ಯಾವುದೂ ಅಳತೆಗೆ ಒದಗಲಿಲ್ಲ. ಬೇರೆ ಟೈಲರ್ ಎದುರು ನಿಲ್ಲಲು ಅಮ್ಮ ಸುತರಾಂ ಒಪ್ಪದೆ, ಸೆರಗು ಹೊದ್ದು ಮನೆಯಲ್ಲೇ ಕೂತಳು. ಸುದ್ದಿ ತಿಳಿದು ಆಪಾ ಫೋನ್ ಮಾಡಿದರು: "ಕರ್ಕೊಂಡು ಬಾ. ಇದು ಕಿಟಕೀಲಿ ಆಗೋ ಕೆಲಸ ಅಲ್ಲ."

ಬಾಗಿಲು ಹಾಕಿ, ಮಾಸ್ಕಿನ ಮೇಲೊಂದು ಮಾಸ್ಕು ಕಟ್ಟಿ, ಗಾಯದ ಮೇಲೆ ಮೆಲ್ಲಗೆ ಟೇಪು ಹಿಡಿದರು. ಅಮ್ಮ ಬಿಕ್ಕಿದಾಗ, "ಅಕ್ಕಾ, ಉಸಿರು ಬಿಗಿ ಹಿಡೀಬೇಡಿ, ಅಳತೆ ತಪ್ಪತ್ತೆ" ಎಂದರು. ಒಳಗೆ ಹತ್ತಿಬಟ್ಟೆಯ ಮೆತ್ತೆಯಿಟ್ಟು ಹೊಲಿದ ಆ ರವಿಕೆ ತೊಟ್ಟು ಅಮ್ಮ ಮತ್ತೆ ಶಿವಮೊಗ್ಗದ ಬಸ್ಸು ಹತ್ತಿದಳು. ಜೀವ ಕೈಯಲ್ಲಿ ಹಿಡಿದು ಹತ್ತಿರ ಬಂದವರ ಋಣ ಅದು. ತೀರಿಸುವ ದಾರಿ ನನಗೆ ಗೊತ್ತಿಲ್ಲ.

ಕಳೆದ ಮಳೆಗಾಲ ಯಾರಿಂದಲೋ ಅವರಿಗೆ ಸೋಂಕು ತಗುಲಿತು. ನಮಗೆಲ್ಲ ನೆಗಡಿ ಕೆಮ್ಮಾಗಿ ಹೋಗುವ ಅದೇ ಕೊರೊನಾ ಅವರ ಶ್ವಾಸಕೋಶಕ್ಕೆ ಇಳಿಯಿತು. ಆಸ್ಪತ್ರೆಯಿಂದ ಅವರು ಮರಳಲಿಲ್ಲ.

ನಾನೂ ಅಮ್ಮನೂ ಅವರ ಮನೆಗೆ ಹೋದಾಗ ಆಪಾ ಅವರ ತಮ್ಮ ಬಾಗಿಲ ಬಳಿ ಕೂತಿದ್ದ. ಅಮ್ಮನ ಕಡೆ ನೋಡಿ ಹೇಳಿದ:

"ನಾನು ಕೊಟ್ಟಿದ್ದು ಕೊನೇವರೆಗೂ ಚೆನ್ನಾಗೇ ಕೆಲಸ ಮಾಡ್ತಿತ್ತಂತೆ ಅಮ್ಮಾ. ಡಾಕ್ಟ್ರೇ ಹೇಳಿದ್ರು."